ಇಪ್ಪತ್ತೆರಡನೇ ದಿನ

ಆಪ್ತಸಲಹೆಗೆ ನನ್ನ ಹತ್ತಿರ ಬಂದ ಇವರನ್ನು ಸುಮ ಎಂದು ಕರೆಯೋಣ. ಹೆಸರು ಬದಲಿಸಿದ್ದೇನೆ, ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ. "ನನ್ನ ಹಾಗೆ ಇನ್ನೂ ಎಷ್ಟು ಜನ ರಾತ್ರಿ ಹೊತ್ತು ಅಡುಗೆಮನೇಲಿ ನಿಂತಿರ್ತಾರೋ, ಬರೀರಿ ಮೇಡಂ" ಎಂದು ಅವರೇ ಹೇಳಿದ್ದು.

ವಯಸ್ಸು 41. ತವರು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಮನೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಹದಿನೇಳು ವರ್ಷ. ಗಂಡ ಕೆಲಸದ ಮೇಲೆ ವಾರದಲ್ಲಿ ನಾಲ್ಕು ದಿನ ಹೊರಗೇ ಇರುತ್ತಾರೆ. ಮನೆಯಲ್ಲಿ ಅತ್ತೆ, ಎಂಟನೇ ಕ್ಲಾಸಿನ ಮಗಳು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಕೂದಲು ಉದುರುತ್ತಿದೆ, ತಲೆ ಸುತ್ತುತ್ತಿದೆ ಎಂದು ಡಾಕ್ಟರ ಹತ್ತಿರ ಹೋಗಿದ್ದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.2 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. "ಊಟದ ವಿಷಯ ಕೇಳಿದ್ರೆ ಅಳ್ತಾರೆ, ನೀವೊಂದ್ಸಲ ಮಾತಾಡಿ" ಎಂದು ನನ್ನ ಹತ್ತಿರ ಕಳಿಸಿದರು.

ಆಗಿದ್ದು ಇಷ್ಟು. ಗಣೇಶನ ಹಬ್ಬ ಮುಗಿದ ವಾರ ಗೆಳತಿಯೊಬ್ಬರು ಸುಮ ಅವರನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. 21 ದಿನದ ಡಿಟಾಕ್ಸ್, ಅಂದರೆ ದೇಹದ ವಿಷ ಹೊರಹಾಕುತ್ತೇವೆ ಎನ್ನುವ ಪಥ್ಯ. ಸುಮಾರು ಅರವತ್ತು ಜನ, ಹೆಚ್ಚಿನವರು ಹೆಂಗಸರು. ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಹಸಿ ತರಕಾರಿ, ಸಂಜೆ ಹಣ್ಣು, ರಾತ್ರಿ ಒಂದು ಬಟ್ಟಲು ಉಪ್ಪಿಲ್ಲದ ಸೂಪು. ಅಕ್ಕಿ, ಸಕ್ಕರೆ, ಉಪ್ಪು, ಹಾಲು, ಮೈದಾ ಐದಕ್ಕೂ ಸೇರಿಸಿ "ಬಿಳಿ ವಿಷ" ಎಂದು ಹೆಸರಿಟ್ಟಿದ್ದರು. ಕಾಫಿ ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತೂಕ ಬರೆಯಬೇಕು, ಹೊತ್ತುಹೊತ್ತಿಗೆ ತಟ್ಟೆಯ ಫೋಟೋ ಹಾಕಬೇಕು.

ಸುಮ ಅವರಿಗೆ ದಿನಕ್ಕೆ ನಾಲ್ಕು ಲೋಟ ಕಾಫಿ ಬೇಕಿತ್ತು. ಎರಡನೇ ದಿನ ತಲೆ ಸಿಡಿಯುವಷ್ಟು ನೋವು. "ವಿಷ ಹೊರಗೆ ಹೋಗ್ತಾ ಇದೆ, ತಡ್ಕೊಳ್ಳಿ" ಎಂದು ಗುಂಪು ನಡೆಸುವವರು ಬರೆದರು. ದಿನಾ ಕಾಫಿ ಕುಡಿಯುವವರು ಥಟ್ಟನೆ ಬಿಟ್ಟರೆ ಒಂದು ದಿನದೊಳಗೆ ತಲೆನೋವು ಶುರುವಾಗುತ್ತದೆ, ಎರಡನೇ ದಿನದ ಹೊತ್ತಿಗೆ ಜೋರಾಗುತ್ತದೆ, ವಾರದಲ್ಲಿ ಹೆಚ್ಚುಕಡಿಮೆ ಹೋಗುತ್ತದೆ. ಅದು ಕಾಫಿಯಲ್ಲಿರುವ ಕೆಫೀನ್ ಬಿಟ್ಟ ನೋವು. ದೇಹಕ್ಕೆ ಬೇಡವಾದದ್ದನ್ನು ಹೊರಹಾಕುವ ಕೆಲಸ ಲಿವರು, ಕಿಡ್ನಿ ದಿನಾ ಮಾಡುತ್ತಲೇ ಇರುತ್ತವೆ. ಆದರೆ ಆ ಹೊತ್ತಿಗೆ ಸುಮ ನೋವನ್ನೇ ಗೆಲುವು ಎಂದು ನಂಬಿಬಿಟ್ಟಿದ್ದರು.

21ನೇ ದಿನ ತೂಕ 68ರಿಂದ 63ಕ್ಕೆ ಇಳಿದಿತ್ತು. ಮೊಬೈಲಿಗೆ ಪ್ರಮಾಣಪತ್ರ ಬಂತು. 22ನೇ ದಿನ ಏನು ತಿನ್ನಬೇಕು ಎಂದು ಯಾರೂ ಹೇಳಿರಲಿಲ್ಲ. "ಇನ್ನು ಮುಂದೆ ಇದೇ ನಿಮ್ಮ ಜೀವನಶೈಲಿ" ಎಂಬ ಒಂದು ಸಾಲು ಬಂದಿತ್ತು, ಅಷ್ಟೇ.

ಅವತ್ತು ಬೆಳಿಗ್ಗೆ ಅತ್ತೆ ಅಕ್ಕಿ ರೊಟ್ಟಿ ಮಾಡಿದ್ದರು. ಸುಮ ಎರಡು ತಿಂದರು. ಮಧ್ಯಾಹ್ನ ಅನ್ನ ಸಾರು ಉಂಡರು. ಸಂಜೆಗೆ ಹೊಟ್ಟೆ ಉಬ್ಬರ, ಮಾರನೇ ದಿನ ತೂಕ ಒಂದೂವರೆ ಕೆಜಿ ಜಾಸ್ತಿ. ಹೆದರಿ ಮತ್ತೆ ಬೂದುಗುಂಬಳದ ರಸಕ್ಕೆ ಹೋದರು. ಆ ರಾತ್ರಿಯೇ ಮೊದಲ ಸಲ ಎದ್ದು ಅಡುಗೆಮನೆಗೆ ಹೋದದ್ದು.

ಎರಡನೇ ಭೇಟಿಯಲ್ಲಿ ಅದನ್ನು ವಿವರಿಸಿದರು. ಹನ್ನೊಂದೂವರೆ, ಅತ್ತೆ ಮಲಗಿರುತ್ತಾರೆ. ಲೈಟ್ ಹಾಕುವುದಿಲ್ಲ. ಕಟ್ಟೆಯ ಮೇಲೆ ಮಸಿಬಟ್ಟೆ ಹಾಸುತ್ತಾರೆ, ಅನ್ನದ ಪಾತ್ರೆಯ ಸ್ಟೀಲ್ ಮುಚ್ಚಳ ಅದರ ಮೇಲಿಟ್ಟರೆ ಸದ್ದಾಗಲ್ಲ. ತಣ್ಣಗಿನ ಅನ್ನ, ಭರಣಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ನಿಂತುಕೊಂಡೇ ಕೈ ಹಾಕಿ ತಿನ್ನುವುದು. ಹೊಟ್ಟೆ ನೋಯುವ ತನಕ ನಿಲ್ಲಿಸೋಕೆ ಆಗಲ್ಲ. ಆಮೇಲೆ ಪಾತ್ರೆ ತೊಳೆದು ಒರೆಸಿ ಇಡುತ್ತಾರೆ. ಬೆಳಿಗ್ಗೆ ಅತ್ತೆ ಕೇಳಿದರೆ, ಅನ್ನ ಹಳಸಿತ್ತು, ಚೆಲ್ಲಿದೆ ಎನ್ನುತ್ತಾರೆ. ವಾರಕ್ಕೆ ಮೂರು ಸಲ, ನಾಲ್ಕು ಸಲ. ಮಾರನೇ ದಿನ ಶಿಕ್ಷೆಯ ಹಾಗೆ ಉಪವಾಸ. ಮಸಿಬಟ್ಟೆಯ ಮಾತು ಹೇಳುವಾಗ ತಲೆ ಎತ್ತಲಿಲ್ಲ. ಹದಿನೇಳು ವರ್ಷ ತಾನೇ ಬೇಯಿಸಿದ ಅಡುಗೆಮನೆಯಲ್ಲಿ ಕಳ್ಳರ ಹಾಗೆ ನಿಲ್ಲಬೇಕಾಗಿ ಬಂತಲ್ಲ ಎಂದು ನನಗೆ ತುಂಬಾ ಸಂಕಟವಾಯಿತು.

ಇದರ ನಡುವೆ ಭೂಮಿ ಹುಣ್ಣಿಮೆ ಬಂದಿತ್ತು. ಮಲೆನಾಡಿನವರಿಗೆ ಹೇಳಬೇಕಿಲ್ಲ. ತೆನೆ ಕಟ್ಟುವ ಗದ್ದೆಗೆ ಬಯಕೆ ಊಟ ಹಾಕುವ ಹಬ್ಬ ಅದು. ಬೆಳಗಿನ ಜಾವಕ್ಕೆ ಎದ್ದು ನೂರೊಂದು ಕುಡಿಯ ಬೆರಕೆ ಸೊಪ್ಪು ಬೇಯಿಸಿ, ಕಡುಬು ಮಾಡಿ, ಬಣ್ಣ ಬರೆದ ಬುಟ್ಟಿಯಲ್ಲಿ ಹೊತ್ತು ಹೋಗಿ ಮೊದಲು ಭೂಮಿಗೆ ಬಡಿಸಿ, ಆಮೇಲೆ ಗದ್ದೆ ಬದುವಿನಲ್ಲೇ ಕೂತು ಮನೆಯವರೆಲ್ಲ ಉಣ್ಣುತ್ತಾರೆ. ಸುಮ ತವರಿಗೆ ಹೋಗಿದ್ದರು. ರಾತ್ರಿಯೆಲ್ಲ ಅಮ್ಮನ ಜೊತೆ ಅಡುಗೆ ಮಾಡಿದರು. ಎಲೆಗೆ ಕಡುಬು ಬಿದ್ದಾಗ ಮಾತ್ರ ಬೇಡ ಎಂದರು. ಡಬ್ಬಿಯಲ್ಲಿ ತಂದಿದ್ದ ಸೌತೆಕಾಯಿ ತೆಗೆದರು. ಅಮ್ಮ ಕೇಳಿದ್ದು ಒಂದೇ ಮಾತು: "ಎಂಥದೇ ಇದು, ನಮ್ಮನೆ ಅಕ್ಕಿ ನಿಂಗೆ ವಿಷ ಆಯ್ತನೇ?"

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಮೊದಲ ಭೇಟಿಯಲ್ಲೇ ನಾನು ತೂಕದ ಲೆಕ್ಕ ಹೇಳಿಬಿಟ್ಟೆ. ನಮ್ಮ ಸ್ನಾಯು, ಲಿವರಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ, ಹೆಚ್ಚುಕಡಿಮೆ ಅರ್ಧ ಕೆಜಿಯಷ್ಟು. ಒಂದೊಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ, ರೊಟ್ಟಿ ಬಿಟ್ಟ ಮೊದಲ ದಿನಗಳಲ್ಲಿ ಇದು ಕರಗಿ, ನೀರೂ ಹೋಗಿ ತಕ್ಕಡಿ ಎರಡು ಕೆಜಿ ತನಕ ಇಳಿಯಬಹುದು. ಉಪ್ಪು ಬಿಟ್ಟರೆ ಇನ್ನಷ್ಟು ನೀರು ಹೋಗುತ್ತದೆ. ಮತ್ತೆ ತಿಂದಾಗ ಆ ನೀರೇ ವಾಪಸ್ ಬರುತ್ತದೆ, ಒಂದು ದಿನದಲ್ಲಿ ಒಂದೂವರೆ ಕೆಜಿ ಕೊಬ್ಬು ಬೆಳೆಯುವುದಿಲ್ಲ. ಎಲ್ಲ ಸರಿಯಾದ ಮಾತೇ. ಸುಮ ತಲೆ ಆಡಿಸಿದರು. ಆ ವಾರ ಇನ್ನೂ ಕಡಿಮೆ ತಿಂದರು. ಅವರ ಮಾತು ಕೇಳಿಸಿಕೊಳ್ಳುವ ಮೊದಲೇ ಹೇಳಿದ್ದೆ ನಾನು.

ಮುಂದಿನ ಸಲ ಬೇರೆ ಪ್ರಶ್ನೆ ಕೇಳಿದೆ. ಆ 21 ದಿನದಲ್ಲಿ ನಿಮಗೆ ಇಷ್ಟವಾದದ್ದು ಏನು? ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬೆಳಿಗ್ಗೆ ಐದೂವರೆಗೆ ಫೋನ್ ನೋಡಿದ್ರೆ 'ಸುಮಕ್ಕ ಎದ್ರಾ, ಹೇಗಿದ್ದೀರಾ' ಅಂತ ನಾಲ್ಕು ಜನ ಕೇಳಿರ್ತಿದ್ರು ಮೇಡಂ. ನಮ್ಮನೇಲಿ ಯಾರು ಕೇಳ್ತಾರೆ?"

ಅಲ್ಲಿಂದ ದಾರಿ ಸಿಕ್ಕಿತು. ಅನ್ನ ತಿಂದರೆ ದಪ್ಪ ಆಗ್ತೀನಿ ಎನ್ನುವ ಹೆದರಿಕೆಯ ಅಡಿಯಲ್ಲಿ ಇನ್ನೊಂದು ಹೆದರಿಕೆ ಇತ್ತು. ಅನ್ನ ತಿಂದರೆ ಆ ಗುಂಪಿಗೆ ನಾನು ಹೊರಗಿನವಳು. ಗುಂಪು ಇನ್ನೂ ನಡೆಯುತ್ತಿತ್ತು. ಯಾರೋ ಮದುವೆಮನೆಯಲ್ಲಿ ಊಟ ಮಾಡಿದೆ ಎಂದು ಬರೆದರೆ ಅಳುವ ಗೊಂಬೆಗಳ ಸಾಲು ಬೀಳುತ್ತಿತ್ತು. ಸುಮ ಹಳೇ ತಟ್ಟೆಯ ಫೋಟೋವನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದರು.

ಇನ್ನೊಂದು ಸಂಗತಿ ಗೊತ್ತಾಯಿತು. ರಾತ್ರಿ ಗಂಟೆಗಟ್ಟಲೆ ಅಡುಗೆಯ ವಿಡಿಯೋ ನೋಡುತ್ತಿದ್ದರು. ತಾನು ಮಾಡದ, ತಿನ್ನದ ತಿಂಡಿಗಳು. ನನಗೇನೋ ಹುಚ್ಚು ಹಿಡಿದಿದೆ ಎಂದು ಅತ್ತರು. ಆಗ ಅಮೆರಿಕದ ಮಿನ್ನೆಸೋಟದ ಒಂದು ಪ್ರಯೋಗದ ಕಥೆ ಹೇಳಿದೆ. 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಆರೋಗ್ಯವಂತರಾದ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರೆಲ್ಲ ಸ್ವಂತ ಇಚ್ಛೆಯಿಂದ ಒಪ್ಪಿ ಬಂದವರು, ಗಟ್ಟಿ ಮನಸ್ಸಿನವರು. ವಾರಗಳು ಕಳೆದಂತೆ ಅವರಿಗೆ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದರು. ಕಟ್ಟು ತೆಗೆದ ಮೇಲೆ ಹೊಟ್ಟೆ ಬಿರಿಯುವಷ್ಟು ತಿಂದರೂ ಕೆಲವರಿಗೆ ತೃಪ್ತಿಯಾಗಲಿಲ್ಲ. ಸುಮ ಕಣ್ಣೊರೆಸಿಕೊಂಡು ಕೇಳಿದರು, "ಗಂಡಸರಾ?" ಹೌದು ಎಂದೆ. "ಹಂಗಾದ್ರೆ ಇದು ನನ್ನ ಬಾಯಿ ಚಪಲ ಅಲ್ವಾ?" ಅಲ್ಲ ಎಂದೆ. ಆ ಭೇಟಿ ಅಲ್ಲಿಗೇ ನಿಲ್ಲಿಸಿದೆ, ಅವತ್ತಿಗೆ ಅಷ್ಟು ಸಾಕಿತ್ತು.

ಇನ್ನು ಕೊಟ್ಟ ಸಲಹೆ. ಡಾಕ್ಟರು ಮತ್ತು ಒಬ್ಬ ಆಹಾರತಜ್ಞೆಯ ಜೊತೆ ಮಾತಾಡಿಯೇ ಕೊಟ್ಟದ್ದು.

ಮೊದಲನೆಯದು ಗಡಿಯಾರ. ರಾತ್ರಿಯ ಹಸಿವು ಹುಟ್ಟುವುದು ಹಗಲಿನ ಉಪವಾಸದಲ್ಲಿ. ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಏನಾದರೂ ಸ್ವಲ್ಪ, ಒಂದೂವರೆಗೆ ಊಟ, ಐದಕ್ಕೆ ಮತ್ತೆ ಸ್ವಲ್ಪ, ಎಂಟೂವರೆಗೆ ಊಟ. ಹಸಿವಾಗಲಿ ಆಗದಿರಲಿ ಹೊತ್ತಿಗೆ ತಿನ್ನಬೇಕು. ತಿಂಗಳುಗಟ್ಟಲೆ ಹಸಿವನ್ನು ಅದುಮಿಟ್ಟವರಿಗೆ ಯಾವುದು ಹಸಿವು, ಯಾವುದು ಹೆದರಿಕೆ ಎಂದು ಒಳಗಿನಿಂದ ಗೊತ್ತಾಗಲ್ಲ. ರಾತ್ರಿ ಜಾಸ್ತಿ ತಿಂದರೂ ಮಾರನೇ ಬೆಳಿಗ್ಗೆ ಎಂಟಕ್ಕೆ ತಿಂಡಿ ತಪ್ಪಿಸುವ ಹಾಗಿಲ್ಲ. ಇದನ್ನು ಮೂರು ಸಲ ಹೇಳಿ, ಕೊನೆಗೆ ಬರೆಸಿದೆ.

ಎರಡನೆಯದು, ರಾತ್ರಿ ಎದ್ದರೆ ಲೈಟ್ ಹಾಕಿ. ತಟ್ಟೆಗೆ ಬಡಿಸಿಕೊಳ್ಳಿ. ಕೂತು ತಿನ್ನಿ. ತಿನ್ನಬೇಡಿ ಎಂದು ನಾನು ಹೇಳಲೇ ಇಲ್ಲ. ಮೊದಲ ವಾರ ಆಗಲಿಲ್ಲ. ಎರಡನೇ ವಾರ ಒಂದು ರಾತ್ರಿ ಲೈಟ್ ಹಾಕಿ ಕೂತಿದ್ದಾಗ ಅತ್ತೆ ಎದ್ದು ಬಂದರಂತೆ. "ಹಸಿವಾಯ್ತೇನೇ? ಮಜ್ಜಿಗೆ ತಗೊ" ಎಂದು ತಂಬಿಗೆ ಮುಂದಿಟ್ಟು ಪಕ್ಕದಲ್ಲಿ ಕೂತರಂತೆ. ಇದನ್ನು ಹೇಳುವಾಗ ಸುಮ ಮೊದಲ ಸಲ ನಕ್ಕರು.

ಮೂರನೆಯದು ಹೆದರಿಕೆಯ ಪಟ್ಟಿ. ಯಾವ ತಿನಿಸಿಗೆ ಎಷ್ಟು ಹೆದರಿಕೆ, ಹತ್ತಕ್ಕೆ ಅಂಕ ಹಾಕಿ ಎಂದೆ. ಮಜ್ಜಿಗೆ 2, ಗಂಜಿ 4, ಹಾಲು ಹಾಕಿದ ಕಾಫಿ 5, ಅನ್ನ 7, ಅಕ್ಕಿ ರೊಟ್ಟಿ 8, ಕಡುಬು 10. ಕೆಳಗಿನಿಂದ ಶುರು ಮಾಡಿದೆವು. ಗಂಜಿಗೆ ಒಂದೆಲಗದ ತಂಬುಳಿ, ನಾಲ್ಕು ದಿನ ಒಂದೇ ಅಳತೆ. ಹೆದರಿಕೆ ಅರ್ಧಕ್ಕೆ ಇಳಿದ ಮೇಲೆ ಮುಂದಿನದು. ಕಾಫಿ ಮತ್ತೆ ಶುರು ಮಾಡಿದಾಗ ಎರಡು ಲೋಟಕ್ಕೆ ನಿಲ್ಲಿಸಿ ಎಂದೆ. ಕಬ್ಬಿಣಾಂಶದ ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ ಬೇಡ, ಅದು ಕಬ್ಬಿಣ ಹೀರಲು ಬಿಡಲ್ಲ.

ತಕ್ಕಡಿ ಅಟ್ಟ ಹತ್ತಿತು.

ಸುಮ ಅವರ ಒಂದು ಆಸೆಯನ್ನು ನಾನು ತಳ್ಳಿಹಾಕಲಿಲ್ಲ. ಅವರ ಅಪ್ಪನಿಗೆ ಸಕ್ಕರೆ ಕಾಯಿಲೆ. ತನಗೂ ಬರಬಾರದು ಎಂದೇ ಈ ಗುಂಪಿಗೆ ಸೇರಿದ್ದು. ನ್ಯಾಯವಾದ ಕಾಳಜಿ ಅದು. ನಮ್ಮ ಕಡೆ ತಟ್ಟೆಯಲ್ಲಿ ಅನ್ನ ಜಾಸ್ತಿ, ಪಲ್ಯ ಕಡಿಮೆ ಎನ್ನುವುದೂ ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ತಟ್ಟೆಗೆ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು ಎಂದಿದೆ. ಅಂದರೆ ಅನ್ನಕ್ಕೂ ಜಾಗ ಇದೆ, ಅದರ ಪಕ್ಕಕ್ಕೆ ಕಾಳು, ಸೊಪ್ಪು ಬರಬೇಕು. ತೂಕದ ಮಾತು ಈಗ ಬೇಡ, ನಡುರಾತ್ರಿ ಎದ್ದು ತಿನ್ನುವುದು ನಿಂತು ಮೂರು ತಿಂಗಳಾಗಲಿ, ಆಮೇಲೆ ಡಾಕ್ಟರ ಜೊತೆ ಕೂತು ನಿಧಾನಕ್ಕೆ ನೋಡೋಣ ಎಂದೆ.

ಗುಂಪಿನಿಂದ ಹೊರಬನ್ನಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಮೊದಲು ಸದ್ದು ಬರದಂತೆ ಮಾಡಿಸಿದೆ. ಆಮೇಲೆ ಆ ನಾಲ್ಕು ಜನಕ್ಕೆ ಬೇರೆಯಾಗಿ ನಿಜ ಬರೆಯಿರಿ ಎಂದೆ. "ನಾನು ಅನ್ನ ತಿನ್ನೋಕೆ ಶುರು ಮಾಡಿದೀನಿ, ನಿಮ್ಮ ಜೊತೆ ಮಾತು ಬೇಕು" ಎಂದು ಬರೆದರು. ಒಬ್ಬರು ಉತ್ತರ ಕೊಡಲಿಲ್ಲ. ಇಬ್ಬರು, ನಮ್ಮದೂ ಅದೇ ಪಾಡು ಎಂದರು. ಇನ್ನೊಬ್ಬರು ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದವರು, ಡಿಟಾಕ್ಸ್ ನಡುವೆ ಸಕ್ಕರೆ ಇಳಿದು ಬೆವರಿ ಬಿದ್ದಿದ್ದರಂತೆ, ಗುಂಪಿನಲ್ಲಿ ಹೇಳಿರಲಿಲ್ಲ. ಸಕ್ಕರೆಯ ಮಾತ್ರೆ, ಇನ್ಸುಲಿನ್, ಬಿಪಿ ಮಾತ್ರೆ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಬಸುರಿ ಬಾಣಂತಿಯರು, ಬೆಳೆಯುವ ಮಕ್ಕಳು ಡಾಕ್ಟರನ್ನು ಕೇಳದೆ ಇಂಥದ್ದಕ್ಕೆ ಕೈ ಹಾಕಲೇಬಾರದು. ಐದಾರು ದಿನ ಏನೂ ತಿನ್ನದೆ ಇದ್ದವರು ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವುದೂ ಅಪಾಯ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಅಂಥವರು ಆಸ್ಪತ್ರೆಗೇ ಹೋಗಬೇಕು.

ಡಿಸೆಂಬರಿನಲ್ಲಿ ತವರಿನಲ್ಲಿ ಅಡಿಕೆ ಕೊಯ್ಲು. ಸುಮ ಒಂದು ವಾರ ಹೋಗಿ ಬಂದರು. ರಾತ್ರಿ ಹೆಂಗಸರೆಲ್ಲ ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ, ಹನ್ನೊಂದು ಗಂಟೆ ತನಕ ಮಾತು, ನಗು, ನಡುವೆ ಒಂದು ಸುತ್ತು ಕಾಫಿ. ಹದಿನೇಳು ವರ್ಷದ ಮೇಲೆ ಅಲ್ಲಿ ಕೂತರು. ಕೈಯೆಲ್ಲ ಕಂದಾಗಿತ್ತು, ನನಗೆ ತೋರಿಸಿದರು. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಕೆಲಸದವರಿಗೆಲ್ಲ ಕಡುಬು ಮಾಡಿದ್ದರು. ಪಟ್ಟಿಯ ಹತ್ತನೇ ಅಂಕ. ಎರಡು ತಿಂದರಂತೆ. ಅಮ್ಮ ಏನೂ ಹೇಳಲಿಲ್ಲವಂತೆ, ಮೂರನೆಯದನ್ನು ಬಡಿಸೋಕೆ ಬಂದು ಸುಮ್ನೆ ನಿಂತಿದ್ದರಂತೆ.

ಆರನೇ ಭೇಟಿ ಜನವರಿಯಲ್ಲಿ. ನಡುರಾತ್ರಿ ಎದ್ದು ತಿನ್ನುವುದು ಹದಿನೈದು ದಿನಕ್ಕೊಮ್ಮೆಗೆ ಇಳಿದಿತ್ತು, ನಿಂತಿರಲಿಲ್ಲ. ಹಿಮೋಗ್ಲೋಬಿನ್ 11.4. ಮುಂದಿನ ಭೇಟಿಯೊಳಗೆ ಮನಸ್ಸು ಭಾರ ಎನ್ನಿಸಿದರೆ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು ಎಂದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ.

ಎದ್ದು ಬಾಗಿಲ ತನಕ ಹೋದವರು ವಾಪಸ್ ಬಂದು ಕೂತರು. ಮಗಳ ಟಿಫಿನ್ ಡಬ್ಬಿ ಎರಡು ವಾರದಿಂದ ಹಾಗೇ ಬರುತ್ತಿದೆ. ಕೇಳಿದರೆ, "ನೀನೂ ತಿಂತಿರ್ಲಿಲ್ವಲ್ಲಮ್ಮ" ಎನ್ನುತ್ತಾಳಂತೆ. ಬೈಯಬೇಡಿ, ತೂಕದ ಮಾತು ಮನೆಯಲ್ಲಿ ಎತ್ತಬೇಡಿ, ಇವತ್ತಿನಿಂದ ರಾತ್ರಿ ಊಟಕ್ಕೆ ನೀವು, ಅತ್ತೆ, ಮಗಳು ಒಟ್ಟಿಗೆ ಕೂರಿ ಎಂದೆ. ಬರುವ ಶನಿವಾರ ತಾಯಿ, ಮಗಳು ಇಬ್ಬರೂ ಬರುತ್ತಿದ್ದಾರೆ.