ಎಐ ಕೊಟ್ಟ ಪಿಲ್ಲರ್ ಡಿಸೈನ್ ನಂಬಿ ಮನೆ ಕಟ್ಟಬಹುದಾ?

ಪ್ರಶ್ನೆ: ಮಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ. ಒಂದು ಎಐ ಆ್ಯಪ್ ಪಿಲ್ಲರ್, ಬೀಮ್, ಕಂಬಿ ಎಲ್ಲದರ ಡಿಸೈನ್ ಕೊಟ್ಟಿದೆ. ‘ಭೂಕಂಪ ನಿರೋಧಕ’ ಅಂತಲೂ ಬರೆದಿದೆ. ಸ್ಟ್ರಕ್ಚರಲ್ ಇಂಜಿನಿಯರ್ ಫೀಸು ಉಳಿಸಬಹುದಾ?

ಉತ್ತರ: ಬೇಡ. ಈ ಪ್ರಶ್ನೆ ಈಚೆಗೆ ಜಾಸ್ತಿ ಬರುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಸ್ಟ್ರಕ್ಟ್‌ಗ್ಯಾನ್ ಎಂಬ ಎಐ ವಿಧಾನ ಪ್ರಕಟಿಸಿದರು. ವಸತಿ ಕಟ್ಟಡದ ಪ್ಲಾನ್ ಕೊಟ್ಟರೆ ಕಾಂಕ್ರೀಟ್ ಶಿಯರ್ ವಾಲ್ (ಭೂಕಂಪದ ಅಡ್ಡ ತಳ್ಳಾಟ ತಡೆಯುವ ಗೋಡೆ) ಎಲ್ಲೆಲ್ಲಿ ಬರಬೇಕು ಅಂತ ಅದು ಗುರುತು ಹಾಕುತ್ತದೆ. ಒಳ್ಳೆಯ ಕೆಲಸ. ಆದರೆ ಅದು ಕಲಿತದ್ದು ಅಲ್ಲಿನ ಇಂಜಿನಿಯರುಗಳ ನಕ್ಷೆಗಳಿಂದ. ಕಟ್ಟಡದ ಎತ್ತರ, ಊರಿನ ಭೂಕಂಪ ತೀವ್ರತೆ ನೋಡಿ ನಕ್ಷೆಗಳನ್ನು ಗುಂಪು ಮಾಡಿ ಕಲಿಸಿದ್ದಾರೆ. ನಿಮ್ಮ ಆ್ಯಪ್ ಯಾವ ದೇಶದ ನಕ್ಷೆಗಳಿಂದ ಕಲಿತಿದೆ? ವರದಿಯಲ್ಲಿ ಇದೆಯಾ ನೋಡಿ. ಕಟ್ಟಡಗಳ ಭೂಕಂಪ ಲೆಕ್ಕಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿಯಲ್ಲಿ ಬೆಂಗಳೂರು ಭೂಕಂಪ ವಲಯ 2, ಮಂಗಳೂರು ವಲಯ 3. ಲೆಕ್ಕಕ್ಕೆ ಹಿಡಿಯುವ ವಲಯದ ಅಂಕ ಅಲ್ಲಿ 0.10, ನಿಮ್ಮಲ್ಲಿ 0.16. ಊರು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ನಿಮ್ಮ ಪಾರ್ಕಿಂಗ್. 2001ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಅವುಗಳಲ್ಲಿ ಹಲವಕ್ಕೆ ಕೆಳಗೆ ಬರೀ ಪಿಲ್ಲರ್, ಮೇಲೆ ಪೂರ್ತಿ ಗೋಡೆ. ಗೋಡೆ ಇರುವ ಮಹಡಿಗಳು ಬಿಗಿಯಾಗಿ ಒಟ್ಟಿಗೇ ಅಲುಗುತ್ತವೆ. ವಾಲುವುದೆಲ್ಲ ಕೆಳಗಿನ ಪಿಲ್ಲರುಗಳ ಪಾಲಿಗೆ. ಲೆಕ್ಕದಲ್ಲಿ ಗೋಡೆಯನ್ನು ಸುಮ್ನೆ ಭಾರ ಅಂತ ಮಾತ್ರ ಹಾಕಿದರೆ ಈ ದೋಷ ಕಾಣುವುದೇ ಇಲ್ಲ. ಎಲ್ಲ ‘ಪಾಸ್’ ಅಂತ ಬರುತ್ತದೆ!

ಇನ್ನೊಂದು ವಿಷಯ. ಭೂಕಂಪದಲ್ಲಿ ಬೀಮ್ ಮೊದಲು ಸೋಲಬೇಕು, ಪಿಲ್ಲರ್ ನಿಲ್ಲಬೇಕು. ಆಗ ಒಳಗಿದ್ದವರು ಹೊರಗೆ ಬರುತ್ತಾರೆ. ಅದಕ್ಕೇ ಭೂಕಂಪಕ್ಕೆ ಕಂಬಿ ಕಟ್ಟುವ ವಿವರಗಳ ಮಾನದಂಡವಾದ 2016ರ ಐಎಸ್ 13920, ಬೀಮ್ ಮತ್ತು ಪಿಲ್ಲರ್ ಸೇರುವಲ್ಲಿ ಪಿಲ್ಲರುಗಳ ಬಾಗು ತಡೆಯುವ ಸಾಮರ್ಥ್ಯ ಬೀಮುಗಳದ್ದಕ್ಕಿಂತ ಕನಿಷ್ಠ 1.4 ಪಟ್ಟು ಇರಬೇಕು ಅನ್ನುತ್ತದೆ. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿ 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿಗೆ ಕಚ್ಚಬೇಕು. 90 ಡಿಗ್ರಿಗೆ ಬಿಟ್ಟರೆ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ. ಆ್ಯಪ್ ಇದನ್ನು ಸರಿಯಾಗಿಯೇ ಬರೆದಿರಬಹುದು. ಆದರೆ ರಿಂಗ್ ಬಗ್ಗಿಸುವುದು ಸೈಟಿನ ಬಾರ್ ಬೆಂಡರ್. ಕಾಂಕ್ರೀಟ್ ಹಾಕುವ ಮುಂಚೆ ಅದನ್ನು ನೋಡಿ ‘ಬಿಚ್ಚಿ, ಮತ್ತೆ ಕಟ್ಟಿ’ ಅನ್ನಲು ಒಬ್ಬ ಇಂಜಿನಿಯರ್ ಬೇಕು. ಅವರು ಎಐ ಬಳಸಲಿ, ಬೇಡ ಅನ್ನುವುದಿಲ್ಲ. ಆದರೆ ಮಣ್ಣು ಪರೀಕ್ಷೆಯ ವರದಿ ಓದಿ, ಗೋಡೆಯನ್ನೂ ಲೆಕ್ಕಕ್ಕೆ ಸೇರಿಸಿ, ಅವರೇ ಸಹಿ ಹಾಕಬೇಕು.

ಪ್ರಶ್ನೆ: ನಮ್ಮ ಕಡೆ ಭೂಕಂಪ ಆಗಲ್ಲ ಅಲ್ವಾ?

ಉತ್ತರ: 1993ರ ಭೂಕಂಪಕ್ಕೆ ಮುಂಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲೂ ಹಾಗೇ ಅಂದುಕೊಂಡಿದ್ದರು. ಅದು ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ. ಸಾವಿರಾರು ಜನ ಸತ್ತರು.

ಪ್ರಶ್ನೆ: ಎಐ ಭೂಕಂಪದ ದಿನ ಹೇಳುತ್ತದಾ?

ಉತ್ತರ: ಇಲ್ಲ. ಹೇಳುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ‘ಭೂಕಂಪ ತಡೆಯುವ ಕಂಬಿ’ ಅಂತ ಮಾರುತ್ತಾರೆ. ಅದನ್ನೇ ಜಾಸ್ತಿ ಹಾಕಿದರೆ ಸಾಕಾ?

ಉತ್ತರ: ಕಂಬಿ ಒಂದೇ ಭೂಕಂಪ ತಡೆಯುವುದಿಲ್ಲ. ಬೀಮಿಗೆ ಬೇಕಾಬಿಟ್ಟಿ ತುಂಬಿದರೆ ಬೀಮ್ ಗಟ್ಟಿಯಾಗಿ ಪಿಲ್ಲರ್ ಮೊದಲು ಸೋಲುತ್ತದೆ. ಮುರಿಯುವ ಮುಂಚೆ ಹೆಚ್ಚು ಹಿಗ್ಗುವ ಎಫ್‌ಇ 500ಡಿ ಗ್ರೇಡಿನ ಕಂಬಿ ಕೇಳಿ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.