ಹೆರಿಗೆಯಾಗಿ 9 ದಿನ, ರಕ್ತ ಮತ್ತೆ ಜಾಸ್ತಿ ಹೋಗ್ತಿದೆ, ಕಾಯಬಹುದಾ?

ಕಾಯಬೇಡಿ. ಹೆಂಡತಿಗೆ ಕಡಿಮೆಯಾಗಿದ್ದ ರಕ್ತ ನಿನ್ನೆಯಿಂದ ಮತ್ತೆ ಕೆಂಪಗೆ ಹೋಗುತ್ತಿದೆ, ಬಾಣಂತನಕ್ಕೆ ಬಂದಿರುವ ಅತ್ತೆ "ಕೆಟ್ಟ ರಕ್ತ, ಹೋಗಲಿ ಬಿಡಿ" ಅಂತಾರೆ ಅಂತ ಬರೆದಿದ್ದೀರಿ. ಇವತ್ತೇ ಹೆರಿಗೆಯಾದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬಿದ್ದರೆ, ಎದ್ದರೆ ಕಣ್ಣು ಕತ್ತಲೆ ಬರುತ್ತಿದ್ದರೆ, ಇದನ್ನು ಓದುವುದು ಬಿಟ್ಟು 108ಕ್ಕೆ ಫೋನ್ ಮಾಡಿ. ನೀವಿರುವ ಪುಣೆಯಲ್ಲೂ ಆಂಬುಲೆನ್ಸಿಗೆ ಅದೇ ನಂಬರ್, ದುಡ್ಡು ಕೊಡಬೇಕಿಲ್ಲ.

ನಾನು ವಿಜಯಪುರದ ಕಡೆಯವಳು, ಪುಣೆಯಲ್ಲಿ 12 ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ನರ್ಸ್. ಈ "ಕೆಟ್ಟ ರಕ್ತ"ದ ಮಾತು ನಮ್ಮ ಮನೆಯಲ್ಲೂ ಇದೆ. ಅರ್ಧ ನಿಜ ಇರುವುದರಿಂದಲೇ ಅದು ಅಪಾಯದ ಮಾತು. ಹೆರಿಗೆಯಾದ ಮೇಲೆ ಗರ್ಭಕೋಶದ ಒಳಪದರ ಕಳಚಿ ಹೋಗಲೇಬೇಕು. ಮೂರ್ನಾಲ್ಕು ದಿನ ಕೆಂಪು, ಆಮೇಲೆ ಕಂದು, 10 ದಿನ ದಾಟುವ ಹೊತ್ತಿಗೆ ಹಳದಿ ಬಿಳಿ. ಹಾಲು ಕೊಡುವಾಗಲೋ ಮಲಗಿ ಎದ್ದಾಗಲೋ ಒಮ್ಮೆ ಸ್ವಲ್ಪ ಜಾಸ್ತಿ ಬಂದು ನಿಂತರೆ ಹೆದರಬೇಕಿಲ್ಲ. ಆದರೆ ಕಂದಾಗಿದ್ದದ್ದು ಮತ್ತೆ ಕೆಂಪಾಗಿ ದಿನವಿಡೀ ಹೋದರೆ, ಸಾಮಾನ್ಯವಾಗಿ ಮಾಸಿನ ಚೂರು ಒಳಗೆ ಉಳಿದಿರುತ್ತದೆ, ಇಲ್ಲವೇ ಸೋಂಕಾಗಿರುತ್ತದೆ. ಜ್ವರ, ಕೆಟ್ಟ ವಾಸನೆ, ಕಿಬ್ಬೊಟ್ಟೆ ನೋವು ಇದ್ದರೆ ಸೋಂಕಿನ ಅನುಮಾನ ಹೆಚ್ಚು. ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ. ಎರಡಕ್ಕೂ ಚಿಕಿತ್ಸೆ ಇದೆ.

ಒಂದು ರಾತ್ರಿಯ ಮಾತು ಹೇಳುತ್ತೇನೆ. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹುಡುಗಿ. ಹೆರಿಗೆ ಸಲೀಸಾಗಿ ಆಗಿತ್ತು. ಒಂದು ಗಂಟೆ ಬಿಟ್ಟು ಹೋದಾಗ ಅವಳ ಅತ್ತೆ "ಹೋಗ್ಲಿ ಬಿಡವ್ವಾ, ಒಳಗಿನ ಹೊಲಸು" ಅಂದರು. ಹೊದಿಕೆ ಎತ್ತಿದರೆ ಪ್ಯಾಡ್ ಮೇಲೆ ಅಷ್ಟೇನಿಲ್ಲ, ಬೆನ್ನಿನ ಕೆಳಗೆ ಮಡುಗಟ್ಟಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟೆ. ಹೊಕ್ಕುಳ ಹತ್ತಿರ ತೆಂಗಿನಕಾಯಿ ಥರ ಗಟ್ಟಿ ಸಿಗಬೇಕಾದ ಗರ್ಭಕೋಶ, ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಅದು ಬಿಗಿಯಾಗಿ ಮುದುರಿದರೇನೇ ಮಾಸು ಅಂಟಿದ್ದ ಜಾಗದ ರಕ್ತನಾಳಗಳ ಬಾಯಿ ಮುಚ್ಚುವುದು. ನಾನು ಹೊಟ್ಟೆ ಉಜ್ಜುತ್ತಲೇ ಡಾಕ್ಟರನ್ನು ಕೂಗಿದೆ. ಮೂತ್ರ ಖಾಲಿ ಮಾಡಿಸಿ, ಗರ್ಭಕೋಶ ಮುದುರಿಸುವ ಆಕ್ಸಿಟೋಸಿನ್ ಡ್ರಿಪ್ ಹಚ್ಚಿದರು, ಜೊತೆಗೆ ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್. ಈ ಎರಡನೆಯದನ್ನು ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದ ತಾಯಂದಿರು ಸಾಯುವುದು ಕಡಿಮೆಯಾಗುತ್ತದೆ ಅಂತ, 20 ಸಾವಿರ ಹೆಂಗಸರ ಮೇಲೆ ನಡೆದು 2017ರಲ್ಲಿ ಬಂದ ಅಧ್ಯಯನ ತೋರಿಸಿತು. ಸ್ವಲ್ಪ ಹೊತ್ತಿಗೆ ಕೈಗೆ ಆ ಗಟ್ಟಿ ಗುಂಡು ಸಿಕ್ಕಿತು. ನನಗೂ ಉಸಿರು ಬಂತು.

ಅವಳ ಬಿಪಿ ಆಗ ಸರಿಯೇ ಇತ್ತು, ಗೊತ್ತಾ? ನಾಡಿ ಮಾತ್ರ 120. ವಯಸ್ಸಿನ ಮೈ ಬಿಪಿಯನ್ನು ಕೊನೆವರೆಗೂ ಹಿಡಿದಿಡುತ್ತದೆ, ಆಮೇಲೆ ಒಮ್ಮೆಲೇ ಬಿಡುತ್ತದೆ. ಹಾಗಾಗಿ "ಮಾತಾಡ್ತಿದ್ದಾಳಲ್ಲ, ಆರಾಮಿದ್ದಾಳೆ" ಅಂತ ಸುಮ್ನಿರಬೇಡಿ. ಮೊದಲೇ ರಕ್ತ ಕಡಿಮೆ ಇದ್ದವರಂತೂ ಬೇಗ ಕುಸಿಯುತ್ತಾರೆ.

ಹೊರಡುವವರೆಗೆ ಅವರನ್ನು ಮಲಗಿಸಿ, ಬೆಚ್ಚಗೆ ಹೊದಿಸಿ, ಕಾಲು ಸ್ವಲ್ಪ ಎತ್ತರದಲ್ಲಿಡಿ. ಒಬ್ಬರೇ ಬಾತ್‌ರೂಮಿಗೆ ಹೋಗುವುದು ಬೇಡ, ಅಲ್ಲೇ ತಲೆ ಸುತ್ತಿ ಬೀಳುವುದು ಜಾಸ್ತಿ. ಮನೆಯಲ್ಲಿ ಹೊಟ್ಟೆ ಉಜ್ಜುತ್ತಾ ಕೂರಬೇಡಿ, ಅದು ಹೆರಿಗೆಯಾದ ಹೊಸದರ ಉಪಾಯ. ಕಷಾಯ, ಮೆಡಿಕಲ್ ಶಾಪಿನ ಮಾತ್ರೆ ಬೇಡ. ಊಟವನ್ನೂ ತಡೆಯಿರಿ, ಅರಿವಳಿಕೆ ಕೊಡಬೇಕಾಗಬಹುದು. ನೆನೆದ ಪ್ಯಾಡುಗಳನ್ನು ಬಿಸಾಡಬೇಡಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ತುಂಬಾ ಹೋಗ್ತಿದೆ" ಅನ್ನುವ ಮಾತಿಗಿಂತ ಕಣ್ಣೆದುರಿನ ನಾಲ್ಕು ಪ್ಯಾಡಿಗೆ ಡಾಕ್ಟರು ಬೇಗ ಏಳುತ್ತಾರೆ. ಡಿಸ್ಚಾರ್ಜ್ ಪೇಪರ್ ಮರೆಯಬೇಡಿ.

ಮರಾಠಿ ಬರದಿದ್ದರೆ ಕೌಂಟರಿನಲ್ಲಿ ಇಷ್ಟು ಹೇಳಿ ಸಾಕು: "ಡಿಲಿವ್ಹರೀಲಾ ನಊ ದಿವಸ್ ಝಾಲೇ, ರಕ್ತಸ್ರಾವ ಥಾಂಬತ್ ನಾಹೀ."

ಅತ್ತೆಯವರ ಜೊತೆ ಜಗಳ ಬೇಡ. ಅವರನ್ನೂ ಕರೆದುಕೊಂಡು ಹೋಗಿ. ಮಗುವನ್ನು ಎತ್ತಿಕೊಳ್ಳಲು ಒಬ್ಬರು ಬೇಕೇ ಬೇಕು.