ಕೊಡಗಿನ ಯಾವ ಮಾರ್ಗಗಳಿಗೆ ಸಣ್ಣ ಬಸ್ಸು ಸೂಕ್ತ?

ದಿನದ ಸರಾಸರಿಯಲ್ಲಿ ಸೀಟುಗಳು ಖಾಲಿ ಉಳಿಯುತ್ತವೆ ಎಂಬ ಒಂದೇ ಕಾರಣಕ್ಕೆ ಸಣ್ಣ ಬಸ್ಸನ್ನು ಹಾಕುವುದು ಸರಿಯಲ್ಲ. ಬೆಳಿಗ್ಗೆ ಶಾಲಾ-ಕಾಲೇಜುಗಳ ವೇಳೆಯಲ್ಲಿ, ಮಾರ್ಗದ ಅತಿ ದಟ್ಟಣೆಯ ಭಾಗದಲ್ಲಿ ಬಸ್ಸಿನೊಳಗೆ ಎಷ್ಟು ಜನರಿರುತ್ತಾರೆ ಎಂಬುದೇ ಅದರ ಗಾತ್ರವನ್ನು ನಿರ್ಧರಿಸಬೇಕು. ಈ ಅಳತೆಯಲ್ಲಿ ಮಡಿಕೇರಿ–ಕುಶಾಲನಗರದಂತಹ ಹೆದ್ದಾರಿ ಮಾರ್ಗಕ್ಕೆ ಸುಮಾರು 12 ಮೀಟರ್ ಉದ್ದದ ದೊಡ್ಡ ಬಸ್ಸೇ ತಕ್ಕದ್ದು.

ವೆಚ್ಚದ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಬಸ್ಸು ಚಿಕ್ಕದಾದರೂ ಚಾಲಕ, ನಿರ್ವಾಹಕರ ಸಂಬಳ ಕಡಿಮೆಯಾಗುವುದಿಲ್ಲ; ಉಳಿಯುವುದು ಇಂಧನ ಮತ್ತು ಖರೀದಿಯ ಹಣದ ಒಂದು ಭಾಗ ಮಾತ್ರ. ಹಾಗಾಗಿ ಗಂಟೆಗೊಂದು 60 ಸೀಟಿನ ಬಸ್ಸಿನ ಬದಲು ಅರ್ಧ ಗಂಟೆಗೊಂದು 30 ಸೀಟಿನ ಬಸ್ಸು ಓಡಿಸಿದರೆ ಸಾಮರ್ಥ್ಯ ಅಷ್ಟೇ ಉಳಿದು, ಸಿಬ್ಬಂದಿಯ ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಾಯುವ ಸಮಯ ಅರ್ಧಕ್ಕಿಳಿಯುವುದು ನಿಜವಾದ ಲಾಭವೇ, ಆದರೆ ಅದಕ್ಕೆ ಹಣ ಒದಗಿಸಬೇಕು.

ಸಣ್ಣ ಬಸ್ಸು ನಿಸ್ಸಂದೇಹವಾಗಿ ಗೆಲ್ಲುವುದು ರಸ್ತೆಯೇ ಅದನ್ನು ಬೇಡುವ ಕಡೆ. ಕಕ್ಕಬ್ಬೆ, ಗಾಳಿಬೀಡು ಕಡೆಯ ಕಿರಿದಾದ ತಿರುವುಗಳಲ್ಲಿ, ಕಾಫಿ ತೋಟಗಳ ನಡುವಿನ ಒಳದಾರಿಗಳಲ್ಲಿ, 7ರಿಂದ 9 ಮೀಟರ್‌ನ ಬಸ್ಸು ಹಿಂದೆ-ಮುಂದೆ ಸರಿಯದೆ ತಿರುಗಬಲ್ಲದು. ಮಳೆಗಾಲದಲ್ಲಿ ಎದುರಿನ ವಾಹನಕ್ಕೆ ದಾರಿ ಬಿಡುವಾಗ ಅದರ ಚಕ್ರ ನೆನೆದು ಮೆತ್ತಗಾದ ಅಂಚಿಗೆ ಇಳಿಯುವ ಅಪಾಯವೂ ಕಡಿಮೆ. ದೊಡ್ಡ ಬಸ್ಸು ಮುಖ್ಯರಸ್ತೆಯಲ್ಲೇ ಇಳಿಸಿಹೋಗುವುದರಿಂದ ಮೈಲುಗಟ್ಟಲೆ ನಡೆಯಬೇಕಾದ ತೋಟದ ಕಾರ್ಮಿಕರಿಗೂ ಮಕ್ಕಳಿಗೂ ಇದು ಬಹಳ ದೊಡ್ಡ ಅನುಕೂಲ.

ಭಾಗಮಂಡಲ–ತಲಕಾವೇರಿ ಮಾರ್ಗದಲ್ಲಿ ಮಾತ್ರ ಅಕ್ಟೋಬರ್‌ನ ತೀರ್ಥೋದ್ಭವದ ಜನಸಂದಣಿಗೆ ಹೆಚ್ಚುವರಿ ಬಸ್ಸುಗಳನ್ನು ಪ್ರತ್ಯೇಕವಾಗಿ ಯೋಜಿಸಬೇಕು. ಆ ದಿನಗಳ ಲೆಕ್ಕದಲ್ಲಿ ಇಡೀ ವರ್ಷದ ಬಸ್ಸಿನ ಗಾತ್ರವನ್ನು ಆರಿಸಬಾರದು.